ಒಂದು ಬೆರಳು, ಎರಡು ಬೆರಳು

ನನ್ನ ಗಂಡ ಮೊಯಿದಿನ್‌ಗೆ ಐವತ್ತೇಳು ವರ್ಷ. ಸಕ್ಕರೆ ಕಾಯಿಲೆ ಇದೆ, ಎಡ ಮೊಣಕಾಲಿನ ನೋವಿದೆ, ಎರಡು ವರ್ಷಗಳಿಂದ ಬುದಯ್ಯ ಬುಲ್‌ಬುಲ್ಸ್ ಕೂಡ ಇದೆ. ಮೊದಲಿನ ಎರಡಕ್ಕೆ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಮೂರನೆಯದಕ್ಕೆ ಮದ್ದಿಲ್ಲ ಎಂದು ನಾನೇ ತೀರ್ಮಾನಿಸಿದ್ದೇನೆ.

ಬುಲ್‌ಬುಲ್ಸ್ ಅಂದರೆ ಇಲ್ಲಿ ಬಹರೈನಿನ ಬುದಯ್ಯದಲ್ಲಿ ಕೆಲಸಕ್ಕಿರುವ ಆಸ್ಟ್ರೇಲಿಯದವರು ತಮ್ಮ ದೇಶದ ಫುಟ್‌ಬಾಲ್ ಆಡಲು ಕಟ್ಟಿಕೊಂಡ ತಂಡ. ಹೆಸರು ಕೇಳಿದ ದಿನ ನಾನು ಬಿದ್ದು ಬಿದ್ದು ನಕ್ಕಿದ್ದೆ. ಉಳ್ಳಾಲದ ನಮ್ಮ ಶಾಲೆಯಲ್ಲಿ ಬುಲ್‌ಬುಲ್ ಎಂದರೆ ಸ್ಕೌಟಿನ ಪುಟ್ಟ ಹುಡುಗಿಯರು, ಎರಡು ಜಡೆ, ನೀಲಿ ಫ್ರಾಕು. ಇಲ್ಲಿ ನೋಡಿದರೆ ಆರಡಿ ಎತ್ತರದ, ಬಿಸಿಲಿಗೆ ಕೆಂಪಗೆ ಬೆಂದ, ಗಡ್ಡದ ಗಂಡಸರು. ಈ ಊರಿನ ತೋಟಗಳಲ್ಲಿ ಕೂಗುವ ಬಿಳಿ ಕೆನ್ನೆಯ ಹಕ್ಕಿಯ ಹೆಸರಂತೆ ಅದು.

ಇವರು ಬಹರೈನಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಮೊದಲು ಹಿದ್‌ನ ಗೋದಾಮಿನಲ್ಲಿ ಕೆಲಸ, ಆಮೇಲೆ ಬುದಯ್ಯದಲ್ಲಿ ಈ ಕೋಲ್ಡ್ ಸ್ಟೋರ್. ಬೀದಿ ಮೂಲೆಯ ದಿನಸಿ ಅಂಗಡಿಗೆ ಇಲ್ಲಿ ಹಾಗೇ ಹೇಳುವುದು. ವ್ಯಾಪಾರಿಯಾಗಲು ಬೇಕಾದ ಒಂದು ಗುಣವೂ ಇವರಲ್ಲಿಲ್ಲ. ಗಿರಾಕಿ ಖುಬೂಸ್ ರೊಟ್ಟಿ ಎತ್ತಿಕೊಂಡರೆ, "ಅದು ನಿನ್ನೆಯದ್ದು, ಬೇಡ" ಎಂದು ಕೈಯಿಂದ ಕಿತ್ತು ವಾಪಸ್ ಇಡುತ್ತಾರೆ. ಮೊಸರಿನ ತಾರೀಕು ನಾಳೆಗೆ ಮುಗಿಯುತ್ತದೆ ಅನ್ನುವಾಗ ಇವತ್ತೇ ಅದನ್ನು ಮನೆಗೆ ತಂದುಬಿಡುತ್ತಾರೆ. ಅಂಗಡಿ ಶುರುವಾದ ಮೇಲೆ ನಾನು ತಾಜಾ ಮೊಸರು ತಿಂದ ನೆನಪಿಲ್ಲ.

ಹುಚ್ಚು ಹಿಡಿದದ್ದು ಐಸಿನಿಂದ. ಅಂಗಡಿಯ ಹಿಂದೆ ಒಂದು ಮೈದಾನವಿದೆ, ಅರ್ಧ ಹುಲ್ಲು, ಅರ್ಧ ಮರಳು. ಒಂದು ಶುಕ್ರವಾರ ಜುಮಾ ಮುಗಿಸಿ ಬಂದ ಇವರಿಗೆ ತಂಡದ ಕ್ಯಾಪ್ಟನ್ ಕ್ರೇಗ್ ಹತ್ತು ಚೀಲ ಐಸ್ ಹೇಳಿ ಹೋಗಿದ್ದ. ಇವರೇ ಹೊತ್ತುಕೊಂಡು ಹೋದರು. ಅಲ್ಲಿ ಎರಡು ಎತ್ತರದ ಕಂಬಗಳ ನಡುವೆ ಬಿಳಿ ಕೋಟಿನ ಮನುಷ್ಯನೊಬ್ಬ ನೆಟ್ಟಗೆ ನಿಂತಿದ್ದ. ಚೆಂಡು ಅವನ ಪಕ್ಕದಿಂದ ಹಾರಿಹೋಯಿತು. ಅವನು ಬಹಳ ಗಂಭೀರವಾಗಿ ಒಂದು ಬೆರಳು ತೋರಿಸಿದ.

ಕನ್ನಡ ಶಾಲೆಯಲ್ಲಿ ಓದಿದವರಿಗೆ ಒಂದು ಬೆರಳೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಬೆರಳೆತ್ತಿದರೆ ಟೀಚರು 'ಹೋಗಿ ಬಾ' ಅನ್ನುತ್ತಿದ್ದರು. ಎರಡು ಬೆರಳೆತ್ತಿದರೆ 'ಬೇಗ ಹೋಗು' ಅನ್ನುತ್ತಿದ್ದರು. ಇವರು ಐಸಿನ ಚೀಲ ಕೆಳಗಿಟ್ಟು ಓಡಿಹೋಗಿ ಆ ಮನುಷ್ಯನ ಮೊಣಕೈ ಹಿಡಿದು, "ಕಮ್ ಸರ್, ಮೈ ಶಾಪ್, ವೆರಿ ಕ್ಲೀನ್ ಬಾತ್‌ರೂಮ್" ಎಂದು ಎಳೆಯತೊಡಗಿದರು. ಆಟ ನಿಂತಿತು. ಕ್ರೇಗ್ ಓಡಿಬಂದ. ಸಂಗತಿ ತಿಳಿದ ಮೇಲೆ ಅವನು ಮರಳಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ನಕ್ಕು ಮುಗಿದ ಮೇಲೆ ಇಡೀ ಆಟವನ್ನು ಇವರಿಗೆ ವಿವರಿಸಿದ.

ಅದನ್ನು ನಿಮಗೂ ಹೇಳುತ್ತೇನೆ, ಏಕೆಂದರೆ ನಾನು ಇದನ್ನು ನೂರು ಸಲ ಕೇಳಿದ್ದೇನೆ. ಒಂದೊಂದು ತಂಡದಲ್ಲಿ ಒಂಬತ್ತು ಜನ. ಚೆಂಡು ಮಂಗಳೂರು ಸೌತೆಕಾಯಿಯ ಹಾಗಿದೆ. ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಮೈದಾನದ ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬ, ನಡುವಿನ ಎರಡು ಎತ್ತರ, ಆಚೀಚಿನ ಎರಡು ಗಿಡ್ಡ. ಒದ್ದ ಚೆಂಡು ನಡುವಿನ ಎರಡರ ಮಧ್ಯೆ ಹೋದರೆ ಗೋಲು, ಆರು ಅಂಕ. ಪಕ್ಕದ ಸಂದಿಯಲ್ಲಿ ಹೋದರೆ ಒಂದೇ ಅಂಕ. ನಡುವೆ ಹೋದರೂ ಎತ್ತರದ ಕಂಬಕ್ಕೆ ಒಂದಿಷ್ಟು ಸವರಿತೋ, ಆಗಲೂ ಒಂದೇ. ಗುರಿ ತಪ್ಪಿದರೂ ಅಂಕ ಕೊಡುವ ಆಟ ಎಂಬುದೇ ಇವರಿಗೆ ಬಹಳ ಹಿಡಿಸಿತು. "ಎಂಥಾ ದೊಡ್ಡ ಮನಸ್ಸು ನೋಡು ಮಾರಾಯ್ತಿ! ಪ್ರಯತ್ನ ಮಾಡಿದ್ದಕ್ಕೂ ಒಂದು ಕೊಡ್ತಾರೆ" ಎಂದು ಅವತ್ತು ಅನ್ನ ಕಲಸುತ್ತ ಕಲಸುತ್ತ ಕೈ ಹಾಗೇ ನಿಲ್ಲಿಸಿದ್ದರು.

ಆಮೇಲೆ ಶುಕ್ರವಾರ ಮೂರು ಗಂಟೆಯಾಯಿತೆಂದರೆ ಅಂಗಡಿಯ ಶಟರು ಕೆಳಗೆ. ನಮ್ಮ ಮಗಳು ನಶ್ವಾ ಹುಟ್ಟಿದ ದಿನವೂ ಮುಚ್ಚದ ಅಂಗಡಿ ಅದು! ಕಳೆದ ವರ್ಷ ಬಿಳಿ ಕೋಟಿನ ಆ ಮನುಷ್ಯನಿಗೆ ಬೇರೆ ದೇಶಕ್ಕೆ ವರ್ಗವಾಯಿತು. ಕಂಬದ ನಡುವೆ ನಿಂತು ಅಂಕ ಎಷ್ಟೆಂದು ಹೇಳಲು ಪ್ರತಿ ತಂಡವೂ ಒಬ್ಬ ಗೋಲ್ ಅಂಪೈರನ್ನು ಕೊಡಬೇಕು, ಒಂದು ತುದಿಗೆ ಒಬ್ಬರು. ಕ್ರೇಗ್ ಸೀದಾ ಅಂಗಡಿಗೆ ಬಂದು ಕೋಟನ್ನು ಕೌಂಟರಿನ ಮೇಲಿಟ್ಟ. ಆ ರಾತ್ರಿ ಇವರು ಕೋಟಿಗೆ ಮೂರು ಸಲ ಇಸ್ತ್ರಿ ಹಾಕಿದರು. ನಮ್ಮ ನಿಖಾದ ದಿನ ಇವರ ಅಂಗಿ ಮುದುಡಿತ್ತು ಎಂಬುದನ್ನು ನಾನಿನ್ನೂ ಮರೆತಿಲ್ಲ.

ಗೋಲಾದರೆ ಎರಡೂ ಕೈಯ ತೋರುಬೆರಳನ್ನು ಸೊಂಟದ ಹತ್ತಿರದಿಂದ ಮುಂದಕ್ಕೆ ಚಾಚಬೇಕು, ಆಮೇಲೆ ಎರಡು ಬಾವುಟ ಬೀಸಬೇಕು; ಒಂದೇ ಅಂಕವಾದರೆ ಒಂದು ಬೆರಳು, ಒಂದು ಬಾವುಟ, ಅದು ನಿಯಮ. ಮೊದಲ ಪಂದ್ಯದ ಮೊದಲ ಗೋಲಿಗೆ ಇವರಿಗೆ ಮೈಯೆಲ್ಲ ರೋಮಾಂಚನವಾಗಿ ನಿಯಮ ಮರೆತೇಹೋಯಿತು. ಬಲಗೈ ಮೇಲೆತ್ತಿ, ನಮ್ಮ ಶಾಲೆಯ ಹಾಗೆಯೇ, ಎರಡು ಬೆರಳು ಆಕಾಶಕ್ಕೆ ತೋರಿಸಿದರು. ಕ್ರೇಗ್‌ಗೆ ಅದು ಬಹಳ ಇಷ್ಟವಾಯಿತು. ತಾನೂ ಎರಡು ಬೆರಳೆತ್ತಿ ಮೈದಾನದ ಸುತ್ತ ಓಡಿದ. ಅವನ ಹಿಂದೆ ಉಳಿದವರು. ಅಂದಿನಿಂದ ಅದೇ ಬುಲ್‌ಬುಲ್ಸಿನ ಸಂಭ್ರಮದ ಗುರುತಾಗಿಬಿಟ್ಟಿತು.

ನೋಡಲು ಬಂದಿದ್ದ ಸಿಲ್ವೆಸ್ಟರ್ ಪೊರ್ಬುಗಳು ನಕ್ಕು ನಕ್ಕು ಕುರ್ಚಿಯಿಂದ ಜಾರಿದರು. ಅವರು ನಮ್ಮ ಕಟ್ಟಡದಲ್ಲೇ ಇರುವ, ಮಂಗಳೂರು ಕುಲಶೇಖರದವರು; ನಮ್ಮ ಕಡೆ ಕ್ರಿಶ್ಚಿಯನ್ ಹಿರಿಯರನ್ನು ಪೊರ್ಬುಗಳು ಅನ್ನುವುದು. ಅವರ ಹೆಂಡತಿ, ನರ್ಸ್ ಫ್ಲಾವಿಯಾ ಕಣ್ಣೊರೆಸಿಕೊಳ್ಳುತ್ತ, "ಅಯ್ಯೋ ದೇವಾ, ಒಂಬತ್ತು ಜನಕ್ಕೂ ಒಟ್ಟಿಗೇ ಬಂತಾ ಮಾರಾಯ್ರೆ?" ಎಂದರು. ಆ ಆಸ್ಟ್ರೇಲಿಯದವರಿಗೆ ಅರ್ಥ ಹೇಳುವ ಧೈರ್ಯ ಇವತ್ತಿನವರೆಗೆ ನಮ್ಮಲ್ಲಿ ಯಾರಿಗೂ ಬಂದಿಲ್ಲ.

ನಾನು ಅಲ್ಲಿಗೆ ಮೊದಲು ಹೋದದ್ದು ಜಗಳಕ್ಕೆ. ಮೀನು ತರಲು ಹೇಳಿದ್ದೆ, ಫೋನ್ ಎತ್ತಲಿಲ್ಲ. ಬುರ್ಖಾ ಹಾಕಿಕೊಂಡು ದಡದಡ ನಡೆದು ಕಂಬದ ಹಿಂದೆಯೇ ನಿಂತೆ. ಇವರು ತಿರುಗಿಯೂ ನೋಡದೆ, "ಹತ್ತು ನಿಮಿಷ ಕೂತ್ಕೊ ಸುಬೈದಾ, ಹೊರಡುವಾ" ಎಂದರು. ಆ ಹತ್ತು ನಿಮಿಷ ಇನ್ನೂ ಮುಗಿದಿಲ್ಲ. ಈಗ ಪ್ರತಿ ಶುಕ್ರವಾರ ಕಂಬದ ಹಿಂದೆ ಚಾಪೆ ಹಾಸಿ, ಗೋಳಿಬಜೆ, ಫ್ಲಾಸ್ಕಿನಲ್ಲಿ ಸುಲೈಮಾನಿ ಇಟ್ಟುಕೊಂಡು ಕೂರುತ್ತೇನೆ. ಚಹಾ ಕೊಡಲು ಹೋಗುವುದಷ್ಟೇ. ನನಗೇನೂ ಹುಚ್ಚಿಲ್ಲ.

ಈ ಸಲದ ಸೀಸನ್ ಅಕ್ಟೋಬರಿನಲ್ಲಿ ಶುರುವಾಯಿತು. ನಾಲ್ಕು ತಂಡಗಳು, ಒಬ್ಬೊಬ್ಬರ ಜೊತೆ ಎರಡೆರಡು ಸಲ. ಕೊನೆಗೆ ಮೊದಲ ಎರಡು ಸ್ಥಾನದವರಿಗೆ ಫೈನಲ್. ಬುಲ್‌ಬುಲ್ಸ್ ಹುಟ್ಟಿ ಹನ್ನೊಂದು ವರ್ಷವಾಗಿದೆ, ಒಂದು ಸಲವೂ ಫೈನಲ್ ಮುಖ ನೋಡಿಲ್ಲ. ಈ ವರ್ಷ ನೋಡಿಯೇ ನೋಡುತ್ತದೆ ಎಂದು ಇವರು ಬ್ರೆಡ್ಡಿಗೆ ಬಂದವರಿಗೆ, ಬ್ಯಾಟರಿಗೆ ಬಂದವರಿಗೆ, ದಾರಿ ಕೇಳಲು ಬಂದವರಿಗೆ ಕೂಡ ಹೇಳಿದರು.

ಮೊದಲ ಪಂದ್ಯ ಸೋತರು. ಹೊಸ ಕಾಲುಚೀಲ ಕಚ್ಚುತ್ತಿತ್ತು ಎಂಬುದು ಇವರ ಸಂಶೋಧನೆ. ಎರಡನೆಯದು ದೋಹಾದವರ ಕೈಯಲ್ಲಿ, ಅರವತ್ತೊಂದು ಅಂಕಗಳಿಂದ. "ಅವರು ಮನುಷ್ಯರಲ್ಲ ಸುಬೈದಾ, ತೆಂಗಿನ ಮರ" ಎಂದು ಎರಡು ದಿನ ಇವರಿಗೆ ಊಟ ಸೇರಲಿಲ್ಲ. ಮೂರನೆಯದನ್ನು ಒಂದೇ ಒಂದು ಅಂಕದಿಂದ ಗೆದ್ದರು! ಅವತ್ತು ಬೀದಿಗೆಲ್ಲ ಖರ್ಜೂರ ಹಂಚಿದರು. ಎದುರು ಮನೆಯ ಅಬು ಜಾಸಿಂ ಎರಡು ಖರ್ಜೂರ ಬಾಯಿಗೆ ಹಾಕಿಕೊಂಡು "ಮಬ್ರೂಕ್, ಮಬ್ರೂಕ್!" ಎಂದು ಶುಭ ಹಾರೈಸಿ, "ಹುಡುಗ ಯಾರು?" ಎಂದು ಕೇಳಿದ. ನಶ್ವಾಳ ಮದುವೆ ಗೊತ್ತಾಯಿತು ಎಂದುಕೊಂಡಿದ್ದ. ಅವಳು ಒಂದು ವಾರ ಅಪ್ಪನೊಡನೆ ಮಾತು ಬಿಟ್ಟಳು. ನಾಲ್ಕನೆಯದರ ದಿನ ವರ್ಷಕ್ಕೊಮ್ಮೆ ಬರುವ ಮಳೆ ಬಂದು ಮೈದಾನವೆಲ್ಲ ಕೆಸರು. ಆಸ್ಟ್ರೇಲಿಯದವರೆಲ್ಲ ಜಾರಿ ಬೀಳುತ್ತಿದ್ದರೆ ಇವರು ಮೊಣಕಾಲು ನೋವನ್ನೂ ಮರೆತು ಕಂಬದ ನಡುವೆ ಕುಣಿದರು. ಗೆದ್ದರು. ಐದನೆಯದನ್ನೂ ಗೆದ್ದರು. ಆ ಹೊತ್ತಿಗೆ ನಾನು ಗೋಳಿಬಜೆಗೆ ಉಪ್ಪು ಹಾಕಲು ಮರೆಯುವ ಮಟ್ಟಕ್ಕೆ ಬಂದಿದ್ದೆ.

ಉಳಿದದ್ದು ಆರನೆಯದು, ಸೇತುವೆ ದಾಟಿ ಸೌದಿಯಿಂದ ಬಸ್ಸಿನಲ್ಲಿ ಬಂದ ಖೋಬರ್ ತಂಡದ ಜೊತೆ. ಗೆದ್ದ ಲೆಕ್ಕದಲ್ಲಿ ಇಬ್ಬರೂ ಸಮ. ಗೆದ್ದವರಿಗೆ ಫೈನಲ್. ಸಮವಾಗಿ ಮುಗಿದರೆ, ಸೀಸನ್ನಿನಲ್ಲಿ ಹೆಚ್ಚು ಅಂಕ ಗಳಿಸಿದ್ದ ಖೋಬರ್‌ನವರಿಗೆ. ಅಂದರೆ ಬುಲ್‌ಬುಲ್ಸ್ ಗೆಲ್ಲಲೇಬೇಕು. ಬೆಳಿಗ್ಗೆ ಜುಮಾಕ್ಕೆ ಹೊರಟವರು ಅಂಗಿಯ ಮೇಲೆ ಬಿಳಿ ಕೋಟು ಹಾಕಿಕೊಂಡು ಬಾಗಿಲವರೆಗೆ ಹೋಗಿದ್ದರು. ನಾನೇ ಕರೆದು ಬಿಚ್ಚಿಸಿದೆ.

ಅವತ್ತು ಸಿಲ್ವೆಸ್ಟರ್ ದಂಪತಿ ಶುಕ್ರವಾರದ ಪೂಜೆ ಮುಗಿಸಿ ಚರ್ಚಿನಿಂದ ನೇರ ಮೈದಾನಕ್ಕೇ ಬಂದರು. ಆಟ ಹೇಗಿತ್ತೆಂದು ನನ್ನನ್ನು ಕೇಳಬೇಡಿ. ಅರ್ಧ ಹೊತ್ತು ನಾನು ಕಣ್ಣು ಮುಚ್ಚಿದ್ದೆ, ಇನ್ನರ್ಧ ಹೊತ್ತು ಫ್ಲಾವಿಯಾರ ತೋಳು ಹಿಂಡುತ್ತಿದ್ದೆ. ನಮ್ಮವರು ಚೆಂಡನ್ನು ಬರೀ ಪಕ್ಕದ ಸಂದಿಗೇ ಒದೆಯುತ್ತಿದ್ದರು. ಒಂದು, ಒಂದು, ಒಂದು, ಹೀಗೆ ಏಳು ಸಲ. ಕೊನೆಯ ನಿಮಿಷದಲ್ಲಿ ಖೋಬರ್ ನಲವತ್ತನಾಲ್ಕು, ನಾವು ನಲವತ್ತಮೂರು. ಆಗ ಕ್ರೇಗ್ ಮೂರು ಜನರ ತಲೆಯ ಮೇಲಿಂದ ಹಾರಿ ಚೆಂಡನ್ನು ಎರಡೂ ಕೈಯಲ್ಲಿ ಬಾಚಿಕೊಂಡ. ಅವನ ಕಾಲು ನೆಲಕ್ಕೆ ತಾಗಿದ್ದೇ ಹೂಟರ್ ಕೂಗಿತು. ಹಾಗೆ ಹಿಡಿದವನಿಗೆ ಆಟ ಮುಗಿದರೂ ಒಂದು ಒದೆತದ ಹಕ್ಕಿದೆ.

ನಡುವೆ ಹೋದರೆ ಆರು, ಫೈನಲ್. ಒಂದು ಅಂಕ ಬಂದರೆ ಸಮ, ಮನೆ.

ಒದೆತ ಬರುತ್ತಿದ್ದದ್ದು ಇವರ ತುದಿಗೆ. ಇವರು ಎರಡು ಎತ್ತರದ ಕಂಬಗಳ ಮಧ್ಯೆ ಕೈ ಕಟ್ಟಿ ನಿಂತಿದ್ದರು, ಮೂರು ಗಜ ಹಿಂದೆ ಚಾಪೆಯ ಮೇಲೆ ನಾನು. ಕ್ರೇಗ್ ಓಡಿಬಂದು ಒದ್ದ. ಚೆಂಡು ಎತ್ತರಕ್ಕೆ ಹೋಯಿತು, ಬಲಕ್ಕೆ ವಾಲಿತು, ಕಂಬದ ಪಕ್ಕದಿಂದ ಒಳಕ್ಕೆ ನುಗ್ಗಿತು, ನನ್ನ ತಲೆಯ ಮೇಲಿಂದ ಹಾರಿ ಹಿಂದಿನ ಬೇಲಿಗೆ ಬಡಿಯಿತು. ಒಳಗೆ! ನಡುವೆಯೇ! ಬುಲ್‌ಬುಲ್ಸಿನವರೆಲ್ಲ ಎರಡೆರಡು ಬೆರಳೆತ್ತಿ ಓಡಲು ಶುರುಮಾಡಿದರು. ಸಿಲ್ವೆಸ್ಟರ್ ಪೊರ್ಬುಗಳೂ ಎರಡು ಬೆರಳೆತ್ತಿದರು.

ಇವರು ಎತ್ತಲಿಲ್ಲ. ಬಲಗಡೆಯ ಕಂಬವನ್ನೇ ನೋಡುತ್ತಿದ್ದರು. ನಡು ಮೈದಾನದ ಅಂಪೈರು 'ಆಲ್ ಕ್ಲಿಯರ್' ಎಂದು ಕೂಗಿದ, ಇನ್ನು ನಿನ್ನ ತೀರ್ಪು ಹೇಳು ಎಂದು ಅದರರ್ಥ. ನನಗೆ ತಡೆಯಲಾಗಲಿಲ್ಲ. ಮಗಳು ಮದುವೆಗೆ ಬಂದಿದ್ದಾಳೆ, ಪ್ರಾಯ ಐವತ್ತಾಯಿತು ಎಂಬುದೆಲ್ಲ ಮರೆತು ಚಾಪೆಯ ಮೇಲೆ ಎದ್ದು ನಿಂತು ಬೊಬ್ಬೆ ಹಾಕಿದೆ. "ಓಯ್, ಎರಡು! ಎರಡು ತೋರಿಸಿ! ಎಂತ ನೋಡ್ತಾ ಇದ್ದೀರಿ, ಎರಡು!"

ಇವರು ಒಂದು ಬೆರಳು ತೋರಿಸಿದರು. ಆಮೇಲೆ ಬಗ್ಗಿ ಒಂದೇ ಒಂದು ಬಾವುಟ ಎತ್ತಿ ಬೀಸಿದರು. ಕಣ್ಣಿಂದ ನೀರು ಕೋಟಿನ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಖೋಬರ್‌ನವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಕ್ರೇಗ್ ನಡೆದು ಬಂದ. ನಾನು ಜಗಳಕ್ಕೆ ಸಿದ್ಧಳಾಗಿಯೇ ನಿಂತಿದ್ದೆ, ಯಾರ ಪರವಾಗಿ ಎಂದು ನನಗೇ ಗೊತ್ತಿರಲಿಲ್ಲ. ಅವನು "ಕಂಬಕ್ಕೆ ತಾಗಿತಾ, ಮೊಯಿ?" ಎಂದು ಕೇಳಿದ. ಇವರು "ತಾಗಿತು" ಎಂದರು. ಅವನು ಇವರ ಕಣ್ಣನ್ನೇ ನೋಡಿ, ಹೌದೆನ್ನುವಂತೆ ತಲೆಯಾಡಿಸಿ, ಬೆವರು ಸೋರುವ ಆ ದೊಡ್ಡ ಮೈಯಿಂದ ಇವರನ್ನು ತಬ್ಬಿಕೊಂಡ. ಮೂರು ಸಲ ಇಸ್ತ್ರಿ ಹಾಕಿದ ಕೋಟು ಹಾಳಾಯಿತು. ಬಂದವರೆಲ್ಲ ನನ್ನ ಗೋಳಿಬಜೆ ತಿಂದರು. ಸೋತವರ ಹಾಗೆ ಯಾರೂ ತಿನ್ನಲಿಲ್ಲ, ಒಂದೂ ಉಳಿಯಲಿಲ್ಲ.

ಆದರೆ ನನ್ನ ಸಿಟ್ಟು ಇಳಿಯಲಿಲ್ಲ. ಚಾಪೆ, ಫ್ಲಾಸ್ಕು ತುಂಬಿ ಕಾರು ಹತ್ತಿದ್ದೇ ಶುರುಮಾಡಿದೆ. "ಹನ್ನೊಂದು ವರ್ಷ! ಒಂದು ಚೂರು ತಾಗಿದ್ದಕ್ಕೆ ಆ ಮಕ್ಕಳ ಹನ್ನೊಂದು ವರ್ಷ ನೀರಿಗೆ ಹಾಕಿದಿರಿ. ಯಾರಿಗೆ ಕಾಣ್ತಿತ್ತು ಅದು?"

"ಕಾಣಲಿಲ್ಲ. ಕೇಳಿಸಿತು. ಟಿಕ್ ಅಂತ."

"ನಿಮಗೆ ಒಬ್ಬರಿಗೇ ಕೇಳಿಸಿದ್ದಾ? ಅಷ್ಟು ಜನ ಇದ್ದರಲ್ಲ?"

ಇವರು ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿ ನನ್ನ ಕಡೆ ತಿರುಗಿದರು. ಮುಖದಲ್ಲಿ ಅಳುವಿರಲಿಲ್ಲ, ಒಂಥರಾ ತುಂಟ ನಗು ಬರತೊಡಗಿತ್ತು.

"ಸತ್ಯ ಹೇಳ್ತೇನೆ ಸುಬೈದಾ, ನನಗೆ ಸ್ವಲ್ಪ ಡೌಟ್ ಇತ್ತು. ಗಾಳಿಗೆ ಕಂಬ ಅಲುಗಿದ್ದೋ, ಚೆಂಡು ತಾಗಿದ್ದೋ ಅಂತ. ಎರಡು ತೋರಿಸುವಾ ಅಂತಲೇ ಕೈ ಎತ್ತುವವನಿದ್ದೆ. ಅಷ್ಟರಲ್ಲಿ ಹಿಂದಿನಿಂದ ಒಂದು ಹೆಂಗಸು, 'ಅಲ್ಲಾ, ತಾಗಿತಲ್ಲ!' ಅಂತ ಮೆಲ್ಲ ಹೇಳಿದ್ದು ಕೇಳಿಸಿತು. ಹಾಗೆ ಗ್ಯಾರಂಟಿ ಆಯಿತು."

ಹಿಂದಿನ ಕಾರಿನವನು ಹಾರ್ನ್ ಹೊಡೆಯತೊಡಗಿದ. ಹೌದು, ನನಗೂ ಆ ಟಿಕ್ ಕೇಳಿಸಿತ್ತು. ಆ ಮಾತು ನನ್ನ ಬಾಯಿ ತಪ್ಪಿ ಬಂದುಬಿಟ್ಟಿತ್ತು, ಅದನ್ನು ಮುಚ್ಚಿಕೊಳ್ಳಲೆಂದೇ ಆಮೇಲೆ ಅಷ್ಟು ಜೋರಾಗಿ ಬೊಬ್ಬೆ ಹಾಕಿದ್ದು. ಮೊದಲು ಇವರು ಕಿಸಕ್ಕನೆ ನಕ್ಕರು, ಆಮೇಲೆ ನಾನು. ಇಬ್ಬರೂ ಸೀಟಿನಲ್ಲಿ ಮುಂದಕ್ಕೆ ಬಾಗಿ, ಉಸಿರು ಸಿಗದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಸಿಗ್ನಲ್ ಹಸಿರಾಗಿ ಮತ್ತೆ ಕೆಂಪಾಯಿತು.

ಉಸಿರು ಬಂದ ಮೇಲೆ ಇವರ ಕೈ ಹಿಡಿದು ಬೇಡಿಕೊಂಡೆ. "ನಿಮ್ಮ ದಮ್ಮಯ್ಯ, ಬುಲ್‌ಬುಲ್ಸಿನ ಫೈನಲ್ ತಪ್ಪಿಸಿದ್ದು ನಾನು ಅಂತ ಕ್ರೇಗ್‌ಗೆ ಮಾತ್ರ ಹೇಳಬೇಡಿ."

"ನಾನಾಗಿ ಹೇಳುವುದಿಲ್ಲ" ಎಂದು ಇವರು ಗೇರ್ ಹಾಕಿದರು. "ಅವನೇ ಕೇಳಿದರೆ ಮಾತ್ರ ಹೇಳಬೇಕಾಗ್ತದೆ."