ಬಾಡಿಗೆ ಮನೆಯಲ್ಲಿ ಸಾಯುವಂತಿಲ್ಲ

ನಮ್ಮ ಗಂಗಾವತಿಯಲ್ಲಿ ಮನೆ ಬಾಡಿಗೆಗೆ ಕೊಡುವಾಗ ಬಾಯಿಬಿಟ್ಟು ಹೇಳದ ಕರಾರೊಂದು ಇರುತ್ತದೆ: ಇಲ್ಲಿ ಯಾರೂ ಸಾಯಬಾರದು. ಕೆಟ್ಟ ನಕ್ಷತ್ರದಲ್ಲಿ ಜೀವ ಹೋದರೆ ತಿಂಗಳುಗಟ್ಟಲೆ ಮನೆಗೆ ಬೀಗ ಹಾಕಬೇಕು. ಆಮೇಲೆ ಮನೆ ಕೇಳಿಕೊಂಡು ಬರುವವರೂ ಓಣಿಯಲ್ಲಿ ವಿಚಾರಿಸಿ ಹಾಗೇ ಹಿಂದೆ ಸರಿಯುತ್ತಾರೆ.

ನಮ್ಮ ಮಹಡಿಯ ಮೇಲೆ ಬಸ್ ಕಂಡಕ್ಟರ್ ಆಗಿದ್ದ ಹೆಣ್ಣುಮಗಳೊಬ್ಬಳು ತಾಯಿಯ ಜೊತೆ ಬಾಡಿಗೆಗಿದ್ದಳು. ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯವರು. ಹೋದ ಬೇಸಿಗೆಯಲ್ಲಿ ಮುದುಕಿ ಹಾಸಿಗೆ ಹಿಡಿದಳು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ದವಾಖಾನೆಯವರು ಕಳಿಸಿದ ದಿನದಿಂದ ನನ್ನ ಅತ್ತೆಗೆ ಅನ್ನ ಇಳಿಯಲಿಲ್ಲ. ಮೇಲಿನಿಂದ ಕೆಮ್ಮು ಕೇಳಿದರೆ ಬೆಚ್ಚುತ್ತಿದ್ದರು. ಕೇಳದಿದ್ದರೆ ಇನ್ನೂ ಹೆಚ್ಚು.

“ಊರಿಗೆ ಒಯ್ಯಿ ಅಂತ ಹೇಳು ಆಕಿಗೆ. ನೀ ಹೇಳದಿದ್ರ ನಾನೇ ಹೇಳತೀನಿ.”

“ಆ ಜೀವ ಊರ ತನಕಾ ತಡೀತೈತೇನ್ರಿ ಅತ್ತಿ? ನಾ ಹೇಳಂಗಿಲ್ಲ.”

ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರು ಮೆಟ್ಟಿಲು ಹತ್ತದಂತೆ ಅಂದು ಕತ್ತಲಾಗುವ ತನಕ ಕಾವಲು ಕಾದೆ.

ಮರುದಿನ ಬೆಳಿಗ್ಗೆ ಗೇಟಿನ ಮುಂದೆ ಟಂಟಂ ಆಟೊ ನಿಂತಿತ್ತು. ಒಳಗೆ ಗಾದಿ ಹಾಸಿ ಮುದುಕಿಯನ್ನು ಮಲಗಿಸಿದ್ದರು.

“ಯಾರ ಹೇಳಿದ್ರು ನಿನಗ?” ಮಗಳನ್ನು ಕೇಳಿದೆ.

“ಯಾರೂ ಹೇಳಿಲ್ರಿ ಅಕ್ಕಾರ. ಹೇಳಿಸ್ಕೊಂಡು ಹೋಗೂದು ಬ್ಯಾಡ ಅಂದ್ಳು ನಮ್ಮವ್ವ.”

ನಾನು ಟಂಟಂನ ಕಂಬಿ ಗಟ್ಟಿಯಾಗಿ ಹಿಡಿದೆ. “ಇಳಸು ಆಕಿನ್ನ. ಈ ಮನಿ ನಂದೂ ಐತಿ. ಬೀಗ ಬಿದ್ರ ಬೀಳಲಿ.”

ಮಗಳು ತಾಯಿಯ ಬೆನ್ನಿನ ಕೆಳಗೆ ಕೈ ಹಾಕಿದಳು. ಮುದುಕಿ ಕಣ್ಣು ತೆರೆದಳು.

“ಬ್ಯಾಡ ನನ್ನವ್ವ. ನೆಳ್ಳ ಕೊಟ್ಟ ಮನಿ ಇದು. ನಾ ಹೋಗೂವಾಗ ಬೀಗ ಹಾಕಿಸಬಾರ್ದು.”

ಅಷ್ಟು ಹೇಳುವುದಕ್ಕೇ ಅವಳಿಗೆ ಉಸಿರು ಸಾಲಲಿಲ್ಲ. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಅವರೊಮ್ಮೆ ಹೋಗಬೇಡ ಎಂದಿದ್ದರೆ ಸಾಕಿತ್ತು, ಮುದುಕಿ ಇಳಿಯುತ್ತಿದ್ದಳು ಎಂದು ಈಗಲೂ ಅನ್ನಿಸುತ್ತದೆ. ಕಡೆಗೆ ನಾನೇ ಕಂಬಿ ಬಿಟ್ಟೆ.

ಆಮೇಲೆ ಕೆಲಸಕ್ಕೆ ಕೈ ಹೋಗಲಿಲ್ಲ, ಫೋನ್ ಹಿಡಿದೇ ಕೂತೆ. ಅವರು ಹಿಟ್ನಾಳ ದಾಟುವ ಮೊದಲೇ ಅದು ರಿಂಗಾಯಿತು. ಮಗಳು ಅಳಲಿಲ್ಲ. ಅವ್ವ ಹೋದಳು, ಗಾಡಿ ರಸ್ತೆ ಬದಿಗೆ ನಿಲ್ಲಿಸಿದ್ದೇವೆ ಎಂದಷ್ಟೇ ಹೇಳಿದಳು. ಲಾರಿಗಳ ಸದ್ದಿನಲ್ಲಿ ಉಳಿದದ್ದು ಕೇಳಲಿಲ್ಲ.

ಮಧ್ಯಾಹ್ನ ಅತ್ತೆ ಜೀವ ಹೋದ ಹೊತ್ತನ್ನು ಅಯ್ನೋರಿಗೆ ತಿಳಿಸಿ, ಪಂಚಾಂಗ ನೋಡಿಸಿಕೊಂಡು ಬಂದರು. ಬಂದವರೇ ಕಟ್ಟೆಯ ಮೇಲೆ ಕುಸಿದು ಕೂತರು.

“ನಕ್ಷತ್ರ ಛಲೋ ಇತ್ತಂತ. ಇಲ್ಲೇ ಹೋಗಿದ್ರೂ ಏನೂ ಆಗ್ತಿರಲಿಲ್ಲಂತ.”

ಅಂದು ಸಂಜೆ ಅತ್ತೆ ಊಟಕ್ಕೆ ಏಳಲಿಲ್ಲ. ನಾನೂ ಕರೆಯಲಿಲ್ಲ.