ಬಳೆಗೆ ಕಟ್ಟಿದ ಕುಪ್ಪಸದ ಚೂರು

ನಾನು ಬಳೆ ತೊಡಿಸುವವಳು. ಭಾಲ್ಕಿಯಿಂದ ಸುತ್ತಲಿನ ಹಳ್ಳಿಗಳಿಗೆ ಬುಟ್ಟಿ ಹೊತ್ತು ಜೀವನ ಕಳೆದೆ. ಓದು ಬಂದದ್ದು ತಡವಾಗಿ, ಅದೂ ಅಷ್ಟಕ್ಕಷ್ಟೆ. ಅಂಕಿ ಮಾತ್ರ ಸರಿಯಾಗಿ ತಿಳಿಯುತ್ತದೆ. ಹೆಂಗಸಿನ ಕೈ ಹಿಡಿದು ಹೆಬ್ಬೆರಳಿನ ಬುಡ ಒಮ್ಮೆ ಒತ್ತಿದರೆ ಅಳತೆ ಹೇಳುತ್ತೇನೆ. ಎರಡು-ಎರಡು ಅಂದರೆ ಸಣ್ಣ ಕೈ, ಎರಡು-ಎಂಟು ಅಂದರೆ ದಪ್ಪ ಕೈ, ನಡುವೆ ಎರಡು-ನಾಲ್ಕು, ಎರಡು-ಆರು.

ಸೊಸೆ ದಿನಾ ಬೀದರಿಗೆ ಬಸ್ಸಿನಲ್ಲಿ ಹೋಗಿ ಬಂದು ಮೊಬೈಲಿನಲ್ಲಿ ತುಂಬುವ ಫಾರ್ಮ್ ಮಾಡುವ ಕೆಲಸ ಕಲಿತಳು. ಕಲಿತಳು ಸರಿ, ಮಾಡಿಸಿಕೊಳ್ಳುವವರು ಬೇಕಲ್ಲ. ಕೊನೆಗೆ ನಾನು ಮಾಲು ತರುವ ಬೀದರಿನ ಬಳೆ ಅಂಗಡಿಯವನು ಒಪ್ಪಿದ. ಅವನ ಅಪ್ಪನ ಕಾಲದಿಂದ ನನಗೆ ಅದೇ ಅಂಗಡಿ. ಹಳ್ಳಿಗಳ ಬಳೆಗಾರ್ತಿಯರು ಫೋನಿನಲ್ಲಿ ಕೂಗಿ ಕೂಗಿ ಹೇಳಿದ್ದನ್ನು ಬರೆದುಕೊಂಡು ಅವನಿಗೆ ಸಾಕಾಗಿತ್ತು. ಒಂದು ಮದುವೆ ಮನೆಯ ಬಳೆಯ ಅಳತೆ ಫಾರ್ಮಿನಲ್ಲಿ ಕಳಿಸಿ ತೋರಿಸಿ, ಸರಿಬಂದರೆ ಎಲ್ಲರಿಗೂ ಅದನ್ನೇ ಕೊಡುತ್ತೇನೆ, ತಪ್ಪಿದರೆ ನನಗೆ ಫೋನೇ ಸಾಕು ಎಂದ. ಸೊಸೆಗೆ ಅದು ಮೊದಲನೆಯ ಕೆಲಸ. ಎರಡು ವಾರ ಅವಳು ಊಟ ಮಾಡಿದ್ದು ನಾನು ಕೂಗಿದಾಗ ಮಾತ್ರ.

ಪರೀಕ್ಷೆಗೆ ನನ್ನನ್ನೇ ಕೂಡಿಸಿದಳು. ಔರಾದ ಎಂದು ಒತ್ತಿದರೆ ಕೆಳಗೆ ಡಾಬಕಾ ಮೊದಲಾಗಿ ಔರಾದ ತಾಲ್ಲೂಕಿನ ಊರುಗಳಷ್ಟೇ ಬರುತ್ತವೆ. ಭಾಲ್ಕಿ ಎಂದರೆ ಅವೆಲ್ಲ ಹೋಗಿ ಹಲಬರ್ಗಾ, ಮೆಹಕರ ಬರುತ್ತವೆ. ಗಾಜಿನ ಬಳೆ ಎಂದರೆ ಗಾಜಿನ ಬಣ್ಣಗಳು, ಅರಗಿನ ಬಳೆ ಎಂದರೆ ಅರಗಿನ ಬಣ್ಣಗಳು. ಇದು ನನಗೆ ಹಿಡಿಸಿತು. ಬುಟ್ಟಿಯಲ್ಲಿ ಇಲ್ಲದ್ದನ್ನು ತೋರಿಸಿ ಆಸೆ ಹುಟ್ಟಿಸಬಾರದು, ನಾನೂ ಹಾಗೇ ಮಾಡುವುದು. ಕೆಳಗೆ ‘ಸೇರಿಸು’ ಎಂದಿತ್ತು. ಒತ್ತಿದಷ್ಟು ಸಲ ಇನ್ನೊಬ್ಬ ಹೆಂಗಸಿಗೆ ಜಾಗ ಬರುತ್ತದೆ. ನಾನು ಒತ್ತುತ್ತಲೇ ಹೋದೆ.

“ಅತ್ತಿ, ಸಾಕ್ ಮಾಡ್ರಿ. ಹನ್ನೊಂದ್ ಮಂದಿ ಆದ್ರು.”

“ಇರ್ಲಿ ಬಿಡು. ನಿನ್ನ ಫಾರ್ಮಿಗಿ ಹೆರೂದು ತ್ರಾಸ್ ಇಲ್ಲ.”

ಮೆಹಕರದ ಮದುವೆ ಮನೆಯದು ತುಂಬಿದೆವು. ನಾಲ್ಕು ಜನ: ಮದುಮಗಳ ತಾಯಿಗೆ ಎರಡು-ಆರು, ಸೋದರತ್ತೆಗೆ ಎರಡು-ಎಂಟು, ಮದುಮಗಳಿಗೆ ಎರಡು-ನಾಲ್ಕು, ತಂಗಿಗೆ ಎರಡು-ಎರಡು. ಅಷ್ಟರಲ್ಲಿ ಆ ಮನೆಯಿಂದ ಫೋನು. ಸೋದರತ್ತೆ ಡಾಬಕಾದವಳು, ಅಲ್ಲೇ ಬಳೆ ತೊಟ್ಟು ಬರುತ್ತಾಳಂತೆ, ಅವಳನ್ನು ಬಿಡಿ ಎಂದರು. ಸೊಸೆ ಅವಳ ಸಾಲನ್ನು ಅಳಿಸಿದಳು. ಹೆಸರುಗಳು ಚಂದವಾಗಿ ಮೇಲೆ ಸರಿದವು. ಕಳಿಸಲು ಬೆರಳು ಎತ್ತಿದಳು.

ನನ್ನದು ನಿಧಾನದ ಓದು. ಬೆರಳಿಟ್ಟು ಓದಿದೆ. ಮದುಮಗಳು, ಎರಡು-ಎಂಟು.

ತಡಿ ಎಂದೆ. ಆ ಹುಡುಗಿ ಲಂಗ ಉಡುತ್ತಿದ್ದಾಗಿನಿಂದ ಅವಳ ಕೈ ಹಿಡಿದವಳು ನಾನು, ಜೋಳದ ದಂಟಿನಂಥ ಕೈ. ಎರಡು-ಎಂಟು ತೊಡಿಸಿದರೆ ಹಿಟ್ಟು ನಾದುವಾಗ ಬಳೆಯೆಲ್ಲ ಪರಾತದಲ್ಲಿ ಬಿದ್ದಿರುತ್ತದೆ.

“ನೀವೇ ತಪ್ಪು ಹೇಳಿರಬೇಕ್ರಿ ಅತ್ತಿ. ಕಂಪ್ಯೂಟರ್ ತಪ್ಪಂಗಿಲ್ಲ.”

“ನಿನ್ನ ಕಂಪ್ಯೂಟರ್ ಆಕಿ ಕೈ ಹಿಡದ್ ನೋಡ್ಯದೇನು?”

ಅವಳು ಮತ್ತೆ ನಾಲ್ವರನ್ನು ತುಂಬಿ ಮತ್ತೆ ಅಳಿಸಿದಳು. ಮತ್ತೆ ಅದೇ. ಹೆಸರು ಮೇಲೆ ಸರಿಯುತ್ತಿತ್ತು, ಅಳತೆ ಇದ್ದಲ್ಲೇ ಕೂತಿರುತ್ತಿತ್ತು. ಸೋದರತ್ತೆಯ ಬಳೆ ಮದುಮಗಳಿಗೆ, ಮದುಮಗಳ ಬಳೆ ತಂಗಿಗೆ. ಸೊಸೆಯ ಮುಖ ಸಣ್ಣದಾಯಿತು. ಮರುದಿನ ಮಧ್ಯಾಹ್ನದೊಳಗೆ ಕಳಿಸದಿದ್ದರೆ ಮದುವೆಗೆ ಬಳೆ ಮುಟ್ಟುವುದಿಲ್ಲ.

ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. ಗೂಟಕ್ಕೆ ತೂಗುಹಾಕಿದ್ದ ದಾರ ತಂದು ಅವಳ ಮುಂದೆ ಇಟ್ಟೆ. ಮದುವೆ ಮನೆಗೆ ಹೋದಾಗ ಪ್ರತಿ ಹೆಂಗಸಿನದೂ ಒಂದು ಹಳೆಯ ಬಳೆ ಕೇಳಿ ತಂದು ದಾರಕ್ಕೆ ಪೋಣಿಸುತ್ತೇನೆ, ಅದೇ ಅಳತೆ. ಮೊದಲೆಲ್ಲ ಮೊದಲನೆಯದು ತಾಯಿ, ಎರಡನೆಯದು ಅತ್ತೆ ಎಂದು ಸಾಲಿನ ಮೇಲೆ ನೆನಪಿಡುತ್ತಿದ್ದೆ. ಹಲಬರ್ಗಾದ ಒಂದು ಮದುವೆಯ ದಾರ ಬಸ್‌ಸ್ಟ್ಯಾಂಡಿನಲ್ಲಿ ಹರಿಯಿತು. ಆರಿಸಿ ಅಂದಾಜಿನ ಮೇಲೆ ಪೋಣಿಸಿದೆ. ಆ ಮನೆಯ ಅತ್ತೆಯ ಬಳೆ ಅವಳ ಸೊಸೆಗೆ ಹೋಯಿತು, ಸೊಸೆಯದು ಅತ್ತೆಗೆ. ಆ ಅತ್ತೆ ಬೈದದ್ದನ್ನು ಇಲ್ಲಿ ಬರೆಯಲಾರೆ. ಅಂದಿನಿಂದ ಬಳೆಯ ಜೊತೆಗೆ ಬಳೆ ಕೊಟ್ಟವಳ ಕುಪ್ಪಸದ ಒಂದು ಚೂರು ಬಟ್ಟೆ ಕೇಳಿ ಅದೇ ಬಳೆಗೆ ಗಂಟು ಹಾಕುತ್ತೇನೆ. ದಾರ ಹರಿಯಲಿ, ನಡುವಿನದನ್ನು ತೆಗೆಯಲಿ, ಯಾರ ಬಳೆ ಯಾರದೆಂದು ಚೂರು ಹೇಳುತ್ತದೆ.

“ಸಾಲಿಗಿ ಗುರ್ತ ಇಡಬ್ಯಾಡ. ಹೆಣ್ಮಗಳಿಗಿ ಗುರ್ತ ಇಡು,” ಎಂದೆ.

ಅವಳು ದಾರ ಎತ್ತಿ ಒಂದೊಂದು ಚೂರಿನ ಗಂಟನ್ನೂ ಎಳೆದು ನೋಡಿದಳು. ಆಮೇಲೆ ಕೈಬಳೆ ಟೇಬಲ್ಲಿಗೆ ತಾಗಿ ಟಣಟಣ ಎನ್ನುವಂತೆ ಕಂಪ್ಯೂಟರ್ ಕುಟ್ಟತೊಡಗಿದಳು. ನಾನು ಕೊಟ್ಟ ಚಹಾ ಆರಿ ಹೋಯಿತು, ನಾನು ಬಯ್ಯಲಿಲ್ಲ. ಸಂಜೆಗೆ ಕರೆದು ತೋರಿಸಿದಳು. ‘ಸೇರಿಸು’ ಎಂದು ಒತ್ತಿದ ಕೂಡಲೇ ಹುಟ್ಟುವ ಪ್ರತಿಯೊಬ್ಬಳಿಗೂ ಒಳಗೇ ಒಂದು ಗುರುತು ಅಂಟಿಸಿದ್ದಳಂತೆ, ನಮ್ಮ ಕಣ್ಣಿಗೆ ಕಾಣದು. ನಡುವಿನವಳನ್ನು ಅಳಿಸಿದೆ. ಮೇಲಿನವಳನ್ನು ಅಳಿಸಿದೆ. ಅಳತೆ ಅವರವರ ಹಿಂದೆ ಕರುವಿನ ಹಾಗೆ ಹೋಯಿತು. ಮತ್ತೆ ಎಲ್ಲರನ್ನೂ ತುಂಬಿ, ಸೋದರತ್ತೆಯನ್ನಷ್ಟೇ ಅಳಿಸಿ ಆಗಲೇ ಕಳಿಸಿದಳು.

ಬಳೆ ತೊಡಿಸಲು ಮೆಹಕರಕ್ಕೆ ಹೋದಾಗ ಸೊಸೆಯೂ ಬಂದಳು. ನಾನು ಬಾ ಎಂದಿರಲಿಲ್ಲ. ಮದುಮಗಳ ಕೈ ಹಿಡಿದು ಒತ್ತಿ ಹಸಿರು ಬಳೆ ಏರಿಸಿದೆ. ಎಲುಬಿನ ಹತ್ತಿರ ತುಸು ತಡೆದು, ಜಾರಿ, ಕೂತವು. ಒಂದೂ ಒಡೆಯಲಿಲ್ಲ. ತಂಗಿಗೂ ಸರಿಬಂದವು. ಅಂಗಡಿಯವನಿಗೆ ನಾನೇ ಫೋನು ಮಾಡಿ ಹೇಳಿದೆ. ಹಾಗಾದರೆ ಔರಾದ ಕಡೆಯವರಿಗೂ ಅದನ್ನೇ ಕೊಡುತ್ತೇನೆ, ಸೊಸೆಯನ್ನು ಅಂಗಡಿಗೆ ಕಳಿಸಿ ಎಂದ.

ಬುಟ್ಟಿ ಕಟ್ಟುವಾಗ ಅವಳ ಕೈ ನೋಡಿದೆ. ಟೇಬಲ್ಲಿಗೆ ಬಡಿದು ಬಡಿದು ಬಲಗೈಯಲ್ಲಿ ಎರಡೇ ಬಳೆ ಉಳಿದಿದ್ದವು.

“ಕೈ ತಾ ಇಲ್ಲಿ,” ಎಂದೆ.

“ನಂದೂ ಫಾರ್ಮಿನಾಗ ಹಾಕಬೇಕೇನ್ರಿ ಅತ್ತಿ?”

ಎರಡು-ನಾಲ್ಕು. ನೋಡದೆಯೇ ಬುಟ್ಟಿಯಿಂದ ತೆಗೆದೆ.