ಕತೆಯಿಂದ ಕಾಣೆಯಾದ ದೊಡ್ಡವ್ವ

ಅಪ್ಪನ ಸೈಕಲ್ಲು ದೀಪ ಹಚ್ಚುವ ಹೊತ್ತಿಗಿಂತ ಮೊದಲೇ ಹತ್ತಾರು ಬಿಡಾರಗಳಿದ್ದ ನಮ್ಮ ವಾಡೆಯ ಬಾಗಿಲಿಗೆ ಬಂದರೆ ಅವ್ವನ ಕೈ ನಿಂತುಬಿಡುತ್ತಿತ್ತು. ಹಿಟ್ಟು ನಾದುತ್ತಿದ್ದರೆ ಹಿಟ್ಟಿನಲ್ಲೇ, ಕಾಯಿಪಲ್ಲೆ ಹೆಚ್ಚುತ್ತಿದ್ದರೆ ಈಳಿಗೆಯ ಮೇಲೆಯೇ. ಬೇಗ ಬಂದನೆಂದರೆ ಕೆಲಸ ಹೋಯಿತೆಂದೇ ಅವಳ ಲೆಕ್ಕ. ಪುಣೆ ಕ್ಯಾಂಪಿನ ಒಂದು ಕಚೇರಿಯಲ್ಲಿ ಅಪ್ಪ ಕಾರಕೂನನಾಗಿದ್ದ. ಜಗತ್ತಿಗೆಲ್ಲ ಮುಗ್ಗಟ್ಟು ಬಂದಿದ್ದ ಆ ವರ್ಷಗಳಲ್ಲಿ ಕಚೇರಿಗಳು ಜನರನ್ನು ಕಡಿಮೆ ಮಾಡುತ್ತಿದ್ದವು. ಮೊದಲು ಹೊಸಬರನ್ನು ತೆಗೆಯುತ್ತಾರೆ ಎಂದು ಒಂದು ದಿನ ಸುದ್ದಿ, ಹೆಚ್ಚು ಪಗಾರದವರನ್ನು ಎಂದು ಮರುದಿನ ಸುದ್ದಿ. ಅಪ್ಪ ಹೊಸಬನೂ ಅಲ್ಲ, ದೊಡ್ಡ ಪಗಾರದವನೂ ಅಲ್ಲ. ಆದರೂ ಎರಡೂ ಸುದ್ದಿಗೆ ಹೆದರುತ್ತಿದ್ದ.

ಮನೆಯಲ್ಲಿ ಅಪ್ಪ, ಅವ್ವ, ಹನ್ನೆರಡು ವರ್ಷದ ನಾನು, ಜೊತೆಗೆ ಅಪ್ಪನ ತಂಗಿ. ಆಕೆಯನ್ನು ನಾನು ಅತ್ಯಾ ಎನ್ನುತ್ತಿದ್ದೆ. ಮದುವೆಯಾಗಿ ಸೀರೆಯ ಮಡಿಕೆ ಮಾಸುವ ಮೊದಲೇ ಗಂಡನನ್ನು ಕಳೆದುಕೊಂಡವಳು. ಆಮೇಲೆ ಕೆಲವು ವರ್ಷ ವಿಜಾಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಹಿರಿಯಣ್ಣನ ಮನೆಯಲ್ಲಿದ್ದಳು. ಅಲ್ಲಿ ಆಕೆಗೆ ಮಲಗಲು ಕೊಟ್ಟದ್ದು ಸಗಣಿಯ ಕುಳ್ಳು ಒಟ್ಟುವ ಕೋಣೆ. ಎಲ್ಲರ ಊಟವಾದ ಮೇಲೆ ಉಳಿದದ್ದು ಆಕೆಯ ಪಾಲು, ಉಳಿಯದಿದ್ದರೆ ಅದೂ ಇಲ್ಲ. ಒಮ್ಮೆ ಊರಿಗೆ ಹೋದ ಅಪ್ಪ ಇದನ್ನು ಕಣ್ಣಾರೆ ಕಂಡು, ಅಣ್ಣನೊಂದಿಗೆ ಜಗಳಾಡಿ, ತಂಗಿಯನ್ನು ಕರೆದುಕೊಂಡೇ ಬಂದಿದ್ದ. ಆ ವಿಷಯದಲ್ಲಿ ಅಪ್ಪನ ಬಗ್ಗೆ ನನಗೆ ಭಾರಿ ಹೆಮ್ಮೆಯಿತ್ತು.

ಪುಣೆಯಲ್ಲಿ ಆಕೆಗೆ ಹೊಟ್ಟೆ ತುಂಬ ಊಟವಿತ್ತು, ಅಷ್ಟೇ. ನಮ್ಮ ವಾಡೆಯಲ್ಲಿ ನಲ್ಲಿಯ ನೀರಿಗೂ ಮೇಲುಕೀಳು. ಮೊದಲು ಮಾಲೀಕರ ಮನೆಯವರು, ಆಮೇಲೆ ಮಹಡಿಯವರು, ಆಮೇಲೆ ಕೆಳಗಿನ ಮರಾಠಿ ಮನೆಗಳು, ಕೊನೆಗೆ ಅವರ ಬಾಯಲ್ಲಿ ‘ಕಾನಡಿ’ಗಳಾದ ನಾವು. ನಮ್ಮೊಳಗೂ ಅವ್ವನದಾದ ಮೇಲೆ ಅತ್ಯಾನ ಕೊಡ. ಬೆಳಿಗ್ಗೆ ಆಕೆ ಎದುರಾದರೆ ಕೆಲಸಕ್ಕೆ ಹೊರಟ ಗಂಡಸರು ಮೋರೆ ಸಿಂಡರಿಸಿ ಒಳಗೆ ಹೋಗಿ, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡುವರು. ಅವರೆಲ್ಲ ಹೋಗುವವರೆಗೆ ಆಕೆ ಬಾಗಿಲ ಹಿಂದೆ ಕೊಡ ಹಿಡಿದು ನಿಂತಿರುತ್ತಿದ್ದಳು. ಮರಾಠಿ ಬರುತ್ತಿರಲಿಲ್ಲ, ಬಂದಿದ್ದರೂ ಆಕೆಯನ್ನು ಮಾತಾಡಿಸುವವರು ಯಾರಿದ್ದರು?

ಹಾಗಾಗಿ ಆಕೆಯ ಮಾತೆಲ್ಲ ನನ್ನ ಪಾಲಿಗೆ. “ಒಂದು ಕೋಣಿ ಇರಬೇಕು ನೋಡು. ಅದರಾಗ ನಂದಽ ಒಂದು ಒಲಿ. ಹಪ್ಪಳ, ಸಂಡಿಗಿ ಮಾಡಿ ಕ್ಯಾಂಪಿನ್ಯಾಗಿನ ನಮ್ಮ ಮಂದಿಗೆ ಮಾರಿದ್ರ ನನ್ನ ಒಬ್ಬಾಕಿ ಹೊಟ್ಟಿ ನಡೀತದಲ್ಲ?” ಎಂದು ಹಪ್ಪಳ ಒತ್ತುತ್ತ ಕೇಳುವಳು. “ನಡೀತದ ಅತ್ಯಾ” ಎನ್ನುತ್ತಿದ್ದೆ. ಅಕ್ಷರ ಕಲಿಯದ ಆಕೆಗೆ ನಾನು ಸಾಲೆ ಕಲಿತ ಹುಡುಗಿ. ನಾನು ಹೂಂ ಅಂದರೆ ಸರಕಾರವೇ ಹೂಂ ಅಂದಂತೆ.

ಆ ದಿನಗಳಲ್ಲೇ ಅಪ್ಪನ ಗೆಳೆಯರೊಬ್ಬರು ಧಾರವಾಡದಿಂದ ಒಂದು ಕಾದಂಬರಿ ತಂದುಕೊಟ್ಟರು. ರಾತ್ರಿಯ ಊಟವಾದ ಮೇಲೆ ಅಪ್ಪ ಅದನ್ನು ಎಲ್ಲರಿಗೂ ಕೇಳುವಂತೆ ಓದತೊಡಗಿದ. ಮಗ್ಗ ನಿಂತುಹೋದ ನೇಕಾರನೊಬ್ಬ ಹೆಂಡತಿಯನ್ನೂ ತನ್ನನ್ನು ಸಾಕಿದ ದೊಡ್ಡವ್ವನನ್ನೂ ಕರೆದುಕೊಂಡು ಗಿರಣಿಯ ಊರಿಗೆ ಹೋಗುವ ಕತೆ ಅದು. ಹೊತ್ತುಹೊತ್ತಿಗೆ ಬೈಯುವ ಮುಕಾದಮ, ಅವನನ್ನು ಬೈಯುವ ಸಾಹೇಬ, ಇವರೆಲ್ಲರ ಕೆಳಗೆ ನೇಕಾರ. ಎರಡು ಎಮ್ಮೆ, ಒಂದು ಬಾವಿ, ಬಾವಿಯ ಪಕ್ಕ ಕರಿಬೇವಿನ ಗಿಡ ಇರುವ ಜಾಗವೊಂದನ್ನು ಕೊಳ್ಳುವ ಆಸೆ ಆ ಮನೆಯವರದು. “ಇದ್ದದ್ದು ಸಾಲದಂತ ಊಟ ಆದ ಮ್ಯಾಲೂ ಕಷ್ಟದ ಕತಿನಽ ಕೇಳಬೇಕೇನ್ರಿ?” ಎಂದು ಅವ್ವ ಗೊಣಗುತ್ತಿದ್ದಳು. ಎಲ್ಲರಿಗಿಂತ ಮುಂದೆ ಕೂರುತ್ತಿದ್ದವಳೂ ಅವಳೇ.

ಅತ್ಯಾ ಅಡಿಗೆಮನೆಯ ಹೊಸ್ತಿಲ ಬಳಿ ಹತ್ತಿ ಹಿಂಜಿ ಬತ್ತಿ ಹೊಸೆಯುತ್ತ ಕೇಳುವಳು. ದೊಡ್ಡವ್ವ ಎಂದರೆ ಆಕೆಗೆ ಪ್ರಾಣ. ಆ ಮುದುಕಿ ಬಾಗಿಲಲ್ಲಿ ಕೂತು ಹೋಗಿಬರುವವರನ್ನೆಲ್ಲ ಆಡಿಕೊಳ್ಳುವಳು, ಮುಕಾದಮನ ಮೀಸೆಯನ್ನೂ ಬಿಡಳು. ಅತ್ಯಾ ಸೆರಗು ಬಾಯಿಗಿಟ್ಟು ನಗುವಳು. ಆ ನಗೆಯನ್ನು ನಾನು ನೋಡಿದ್ದು ಅದೇ ಮೊದಲು.

ಒಂದು ರಾತ್ರಿ ಅಪ್ಪ ಓದುತ್ತಿದ್ದಾಗ ಕತೆ ಎಲ್ಲೋ ಎಡವಿದಂತಾಯಿತು. ಹಿಂದಿನ ದಿನ ಗಿರಣಿಯಲ್ಲಿ ಜನರನ್ನು ಕಡಿಮೆ ಮಾಡುವ ಮಾತು ನಡೆದಿತ್ತು. ಈ ದಿನ ನೋಡಿದರೆ ಮಳೆಗಾಲ ಕಳೆದು ದೀಪಾವಳಿ ಬಂದಿದೆ. ಮರುದಿನ ಮಧ್ಯಾಹ್ನ ಅವ್ವ ಮಲಗಿದ್ದಾಗ ಗೂಡಿನಲ್ಲಿದ್ದ ಪುಸ್ತಕ ತೆಗೆದು ನೋಡಿದೆ. ಹುಡುಗಿಯರು ಕಾದಂಬರಿ ಮುಟ್ಟಬಾರದೆಂದು ಅಪ್ಪ ತಾಕೀತು ಮಾಡಿದ್ದ. ಅಪ್ಪ ಒಂದು ಇಡೀ ಅಧ್ಯಾಯವನ್ನೇ ಹಾರಿಸಿದ್ದ. ಅದರಲ್ಲಿ ನೇಕಾರನ ಕೂಲಿ ಅರ್ಧವಾಗಿತ್ತು. ಒಂದು ಬಾಯಿಯಾದರೂ ಕಡಿಮೆಯಾಗಲೆಂದು ಗಂಡಹೆಂಡತಿ ಸೇರಿ ದೊಡ್ಡವ್ವನನ್ನು ಊರಿನ ರೈಲು ಹತ್ತಿಸಿದ್ದರು.

ಪುಸ್ತಕವನ್ನು ಇದ್ದ ಹಾಗೆಯೇ ಗೂಡಿಗೆ ಸೇರಿಸಿದೆ. ಕೂಲಿ ಅರ್ಧವಾದದ್ದನ್ನು ಅಪ್ಪ ಬಿಟ್ಟಿದ್ದರೆ ಹೆದರಿಕೆಯಿಂದ ಎಂದುಕೊಳ್ಳಬಹುದಿತ್ತು. ಮುದುಕಿಯನ್ನು ಕಳಿಸಿದ್ದನ್ನು ಯಾಕೆ ಬಿಡಬೇಕು? ತನ್ನ ಮನಸ್ಸಿನಲ್ಲೂ ಅದೇ ಇಲ್ಲದಿದ್ದರೆ ಅದನ್ನು ಬಾಯಿಬಿಟ್ಟು ಓದಲು ಏನು ಧಾಡಿ? ಅಂದಿನಿಂದ ಅಪ್ಪ, ಅವ್ವ ತಗ್ಗಿದ ದನಿಯಲ್ಲಿ ಏನೇ ಮಾತಾಡಲಿ, ನಾನು ಕಿವಿಗೊಟ್ಟು ಕೇಳುತ್ತಿದ್ದೆ. ಅಂಗಳದಲ್ಲಿ ಸೈಕಲ್ಲಿನ ಸದ್ದಾದರೆ ಈಗ ನಾನೂ ಅವ್ವನಂತೆ ನಿಂತುಬಿಡುತ್ತಿದ್ದೆ. ಅತ್ಯಾನ ಮುಖ ನೋಡಲಾಗುತ್ತಿರಲಿಲ್ಲ. ಆಕೆ ತನ್ನ ಕೋಣೆ, ಒಲೆಯ ಮಾತು ತೆಗೆದರೆ ಸಾಲೆಯ ಅಭ್ಯಾಸವಿದೆ ಎಂದು ಎದ್ದುಹೋಗುತ್ತಿದ್ದೆ.

ಆದರೆ ಅತ್ಯಾ ಸುಮ್ಮನೆ ಕೇಳುವವಳಲ್ಲ. “ಅಣ್ಣಾ, ದೊಡ್ಡವ್ವ ಎಲ್ಲಿ ಹೋದ್ಲು? ಹಬ್ಬದ ದಿನಾನೂ ಮಾತಾಡ್ಲಿಲ್ಲಲ್ಲ” ಎಂದಳು.

“ಅದಾಳ, ಅದಾಳ. ಮುಂದ ಬರ್ತಾಳ” ಎಂದು ಅಪ್ಪ ಹಾಳೆ ತಿರುವಿದ.

ಮುಂದೆಯೂ ಬರಲಿಲ್ಲ. ನೇಕಾರನ ಹೆಂಡತಿ ಹೆತ್ತಳು, ತೊಟ್ಟಿಲು ಕಟ್ಟಿದರು, ಹಾಡು ಹೇಳಲು ದೊಡ್ಡವ್ವ ಇಲ್ಲ. ಅತ್ಯಾ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು. “ಸತ್ಲೇನು ಅಣ್ಣಾ? ಸತ್ತಿದ್ರ ಸತ್ಲು ಅಂತ ಹೇಳಿಬಿಡು. ದಿನಾ ಹಾದಿ ಕಾಯೋದು ತಪ್ಪತದ.”

ನನಗೆ ತಡೆಯಲಾಗಲಿಲ್ಲ. “ಸತ್ತಿಲ್ಲ ಅತ್ಯಾ. ಊರಿಗೆ ಕಳಿಸ್ಯಾರ” ಎಂದೆ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಲೆ ತಗ್ಗಿಸಿ ಕೂತ. ಅವ್ವ ಗೋಡೆಯ ಕಡೆ ಮುಖ ಮಾಡಿದಳು. ಅತ್ಯಾ ಇಬ್ಬರನ್ನೂ ನೋಡಿದಳು, ಒಮ್ಮೆ ಅಪ್ಪನನ್ನು, ಒಮ್ಮೆ ಅವ್ವನನ್ನು. “ಅದನ್ನ ಓದು” ಎಂದು ನನಗೆ ಹೇಳಿದಳು. ಅಪ್ಪ ಪುಸ್ತಕವನ್ನು ನನ್ನ ಕಡೆ ಸರಿಸಿದ.

ಓದಿದೆ. ಸ್ಟೇಶನ್ನಿನಲ್ಲಿ ಕಂಡಕಂಡವರಿಗೆಲ್ಲ ದೊಡ್ಡವ್ವ ಹೇಳುತ್ತಾಳೆ, ನನಗೆ ಈ ಊರಿನ ನೀರು ಒಗ್ಗಲಿಲ್ಲ, ಮಗ ಬೇಡ ಬೇಡ ಎಂದರೂ ನಾನೇ ಹಟ ಹಿಡಿದು ಹೊರಟಿದ್ದೇನೆ ಎಂದು.

ಅತ್ಯಾ ಅಳಲಿಲ್ಲ. ಮಡಿಲಲ್ಲಿದ್ದ ಬತ್ತಿಗಳನ್ನು ಡಬ್ಬಿಗೆ ತುಂಬಿದಳು. “ಶಾಣೆ ಮುದುಕಿ” ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, “ನಾನೂ ಹಂಗಽ ಹೇಳ್ತೀನಿ ಅಣ್ಣಾ. ನೀ ಚಿಂತಿ ಮಾಡಬ್ಯಾಡ” ಎಂದಳು.

ಯಾರೂ ಬೇಡ ಅನ್ನಲಿಲ್ಲ. ಅನ್ನಲಿ ಎಂದು ನಾನು ಕಾದೆ. ಆ ವಾರವೇ ಅಪ್ಪ ಆಕೆಯನ್ನು ಊರಿಗೆ ಬಿಟ್ಟುಬಂದ. ವಾಡೆಯವರು ಎಂದೂ ಆಕೆಯನ್ನು ಮಾತಾಡಿಸಿದವರಲ್ಲ. ಆದರೂ ಹೊರಡುವಾಗ ಆಕೆ ಮಹಡಿಯ ಕಡೆ ಮುಖವೆತ್ತಿ, ಯಾರಿಗೂ ತಿಳಿಯದ ತನ್ನ ಕನ್ನಡದಲ್ಲಿ, “ನಾನಽ ಹೊಂಟೀನ್ರಿ, ನೀರು ಒಗ್ಗಲಿಲ್ಲ” ಎಂದು ದೊಡ್ಡ ದನಿಯಲ್ಲಿ ಹೇಳಿದಳು.

ಅಪ್ಪನ ಕೆಲಸ ಹೋಗಲಿಲ್ಲ. ಕಚೇರಿಯಲ್ಲಿ ಹೋಗಬೇಕಾದವರೆಲ್ಲ ಹೋದ ಮೇಲೆ, ಇನ್ನು ಯಾರನ್ನೂ ತೆಗೆಯುವುದಿಲ್ಲ ಎಂದು ಸಾಹೇಬನೇ ಹೇಳಿದ. ಆ ಸಂಜೆ ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿ, ಅಪ್ಪ ಟೋಪಿ ತೆಗೆಯುವ ಮೊದಲೇ, “ಹೋಗಿ ಕರಕೊಂಡು ಬರ್ರಿ” ಎಂದಳು. ಅಪ್ಪ ಸಿಕ್ಕ ಮೊದಲ ರಜೆಗೇ ಹೋದ. ನಾನು ಕುಣಿದಾಡುತ್ತ ಆಕೆಯ ಚಾಪೆಯನ್ನು ಬಿಸಿಲಿಗೆ ಹಾಕಿದೆ.

ಅಪ್ಪ ಒಬ್ಬನೇ ಬಂದ. ಅತ್ಯಾ ಮತ್ತೆ ಅದೇ ಕುಳ್ಳಿನ ಕೋಣೆಯಲ್ಲಿದ್ದಳಂತೆ. ಕೈ ಹಿಡಿದು ಕರೆದರೂ ಏಳಲಿಲ್ಲವಂತೆ. ಆಕೆ ಹೇಳಿದ್ದನ್ನು ಅಪ್ಪ ಬಾಗಿಲಲ್ಲೇ ನಿಂತು ಅವ್ವನಿಗೆ ಹೇಳಿದ: “ನಾನಽ ಹಟ ಮಾಡಿ ಬಂದೀನಿ ಅಂತ ಊರೆಲ್ಲಾ ಸಾರಿಬಿಟ್ಟೀನಿ ಅಣ್ಣಾ. ಈಗ ನೀ ಕರದಿ ಅಂತ ಬಂದ್ರ, ಆವಾಗ ನೀನಽ ಕಳಿಸಿದ್ದಿ ಅಂತ ಮಂದಿಗೆ ತಿಳೀತದ. ಬ್ಯಾಡ, ನೀ ಒಳ್ಳ್ಯಾವ ಆಗಿಽ ಇರು.”